ಯಾವ ಸುಧಾರಣೆ ಮೊದಲು? ಕೆಲಸದ ಜಾಗದ ಯೋಜನೆಗಳ ಆದ್ಯತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ನಡೆಯುವ ಯಾವ ಜಾಗದಲ್ಲಾದರೂ "ಇದನ್ನೊಂದು ಸರಿ ಮಾಡಬೇಕು" ಅನ್ನುವ ಪಟ್ಟಿ ಇದ್ದೇ ಇರುತ್ತದೆ. ಕೆಲವು ಕಡೆ ಅದು ಬೋರ್ಡಿನ ಮೇಲೆ, ಕೆಲವು ಕಡೆ ಎಕ್ಸೆಲ್ ಶೀಟಿನಲ್ಲಿ, ಬಹಳ ಕಡೆ ಜನರ ತಲೆಯಲ್ಲೇ. ಪಟ್ಟಿ ಮಾಡುವುದೇನೂ ಕಷ್ಟವಲ್ಲ. ಯಾವುದನ್ನು ಈಗ ಕೈಗೆತ್ತಿಕೊಳ್ಳಬೇಕು, ಯಾವುದನ್ನು ಕಾಯಿಸಬೇಕು, ಯಾವುದನ್ನು ಅಳಿಸಬೇಕು ಅನ್ನುವಲ್ಲಿ ಟೀಮುಗಳು ಮುಗ್ಗರಿಸುತ್ತವೆ. ಈ ಕೆಲಸದಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿ, ನನಗೆ ಸರಿ ಅನ್ನಿಸಿದ ಉತ್ತರ ಬರೆದಿದ್ದೇನೆ.

ಸುಧಾರಣಾ ಯೋಜನೆ ಅಂದರೆ ಯಾವುದು? ದಿನನಿತ್ಯದ ರಿಪೇರಿಯೂ ಅದರಲ್ಲಿ ಸೇರುತ್ತದೆಯೇ?

ಸೇರುವುದಿಲ್ಲ. ಕೆಟ್ಟುಹೋದದ್ದನ್ನು ಮೊದಲಿದ್ದಂತೆ ಮಾಡುವುದು ರಿಪೇರಿ. ಕೆಲಸ ಮಾಡುವ ರೀತಿಯನ್ನೇ ಬದಲಿಸಿ, ಫಲಿತಾಂಶ ಮೊದಲಿಗಿಂತ ಚೆನ್ನಾಗಿ ಬರುವಂತೆ ಮಾಡುವುದು ಸುಧಾರಣೆ. ಇವೆರಡನ್ನೂ ಒಂದೇ ಪಟ್ಟಿಗೆ ತುರುಕಿದರೆ ರಿಪೇರಿಯೇ ಪ್ರತಿ ಸಲ ಗೆಲ್ಲುತ್ತದೆ, ಯಾಕೆಂದರೆ ಅದರ ಗಲಾಟೆ ಜೋರು.

ಇನ್ನೊಂದು ಗುಂಪೂ ಇದೆ. ಅರ್ಧ ದಿನದಲ್ಲಿ ಮುಗಿಯುವ, ಯಾರ ಒಪ್ಪಿಗೆಯೂ ಬೇಕಿಲ್ಲದ, ತಪ್ಪಾದರೆ ಸುಲಭವಾಗಿ ಹಿಂದೆಗೆಯಬಹುದಾದ ಬದಲಾವಣೆಗಳು. ಫಾರಂನಲ್ಲಿ ಯಾರೂ ಓದದ ಒಂದು ಕಾಲಂ ತೆಗೆಯುವುದಕ್ಕೆ ಆದ್ಯತೆಯ ಮೀಟಿಂಗ್ ಯಾಕೆ? ಅಂಥದ್ದನ್ನು ಸಾಲಿನಲ್ಲಿ ನಿಲ್ಲಿಸಬೇಡಿ, ಮಾಡಿಬಿಡಿ.

ಆದ್ಯತೆ ಅಂತ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾ ಹೋದರೆ ಆಗದೇ?

ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ದಾರಿ ಅದೇ. ಒಂದು ಸಣ್ಣ ಲೆಕ್ಕ ಹಾಕೋಣ. ಒಂದೇ ಟೀಮಿನ ಮುಂದೆ ಮೂರು ಯೋಜನೆಗಳಿವೆ, ಒಂದೊಂದಕ್ಕೂ 4 ವಾರದ ಕೆಲಸ. ಒಂದಾದ ಮೇಲೆ ಒಂದು ಮಾಡಿದರೆ 4, 8 ಮತ್ತು 12ನೇ ವಾರಕ್ಕೆ ಮುಗಿಯುತ್ತವೆ. ಸರಾಸರಿ 8 ವಾರ. ವಾರಕ್ಕೊಂದರಂತೆ ಸರದಿ ಮೇಲೆ ಮಾಡಿದರೆ 10, 11 ಮತ್ತು 12ನೇ ವಾರಕ್ಕೆ ಮುಗಿಯುತ್ತವೆ. ಸರಾಸರಿ 11 ವಾರ. ದುಡಿಮೆ ಅಷ್ಟೇ, ಜನ ಅಷ್ಟೇ. ಆದರೆ ಮೊದಲ ಫಲ ಆರು ವಾರ ತಡ. ಒಂದರಿಂದ ಇನ್ನೊಂದಕ್ಕೆ ಹಾರುವಾಗ "ಎಲ್ಲಿ ನಿಲ್ಲಿಸಿದ್ದೆವು" ಎಂದು ನೆನಪು ಮಾಡಿಕೊಳ್ಳುವ ಹೊತ್ತನ್ನು ನಾನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದ ಒಂದು ನಿಯಮ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ನಡೆಯುತ್ತಿರುವ ಕೆಲಸಗಳ ಸಂಖ್ಯೆಯನ್ನು, ತಿಂಗಳಿಗೆ ಮುಗಿಯುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೆಲಸ ಮುಗಿಯಲು ಹಿಡಿಯುವ ಸರಾಸರಿ ಕಾಲ ಸಿಗುತ್ತದೆ. 24 ಯೋಜನೆ ನಡೆಯುತ್ತಿದ್ದು ತಿಂಗಳಿಗೆ 2 ಮುಗಿಯುತ್ತಿದ್ದರೆ, ಒಂದೊಂದಕ್ಕೂ ಸರಾಸರಿ 12 ತಿಂಗಳು. ಅದೇ ವೇಗದಲ್ಲಿ ಮುಗಿಸುತ್ತಾ 8 ಮಾತ್ರ ನಡೆಯುವಂತೆ ಮಾಡಿದರೆ 4 ತಿಂಗಳು. ಯಾರೂ ಒಂದು ಗಂಟೆಯೂ ಹೆಚ್ಚು ದುಡಿಯಬೇಕಿಲ್ಲ. "ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು" ಎಂಬ ಗಾದೆಯ ಮಾತು ಇಲ್ಲಿ ಲೆಕ್ಕದ ಮಾತೂ ಹೌದು.

ಹಾಗಾದರೆ ಒಂದು ಸಲಕ್ಕೆ ಎಷ್ಟು ಯೋಜನೆ?

ಯೋಜನೆಗಳನ್ನು ಎಣಿಸುವ ಮೊದಲು ಜನರನ್ನು ಎಣಿಸಿ. ಸುಧಾರಣೆಗೆ ನಿಜವಾಗಿ ಸಮಯ ಕೊಡಬಲ್ಲವರು ಯಾರು, ವಾರಕ್ಕೆ ಎಷ್ಟು ಗಂಟೆ? ನಾನು ಹೇಳುವ ಮಿತಿ: ಒಬ್ಬರು ಒಂದು ಯೋಜನೆಗೆ ಮಾತ್ರ ಮುಂದಾಳು, ಹೆಚ್ಚೆಂದರೆ ಇನ್ನೊಂದಕ್ಕೆ ಸಹಾಯಕ.

ಇಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವವರು ಇಡೀ ಸಂಸ್ಥೆಗೆ ಬೇಕಾದ ಒಬ್ಬಿಬ್ಬರು: ಡೇಟಾ ತೆಗೆದುಕೊಡುವವರು, ಐಟಿಯವರು, ಹಳೆಯ ಪದ್ಧತಿ ಪೂರ್ತಿ ಗೊತ್ತಿರುವ ಹಿರಿಯರು. ಆರು ಯೋಜನೆಗಳ ಕಾಗದದಲ್ಲೂ ಅವರ ಹೆಸರಿರುತ್ತದೆ. ಸರತಿಯ ಸರಳ ಗಣಿತ ಹೀಗಿದೆ: ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುವಲ್ಲಿ ಒಬ್ಬರ ಸಮಯ 80% ತುಂಬಿದ್ದರೆ, ಬಂದ ಕೆಲಸ ತನ್ನ ಸರದಿಗಾಗಿ ಕಾಯುವ ಕಾಲ, ಅದನ್ನು ಮಾಡಲು ಬೇಕಾದ ಕಾಲದ 4 ಪಟ್ಟು. 90% ತುಂಬಿದರೆ 9 ಪಟ್ಟು, 95% ಆದರೆ 19 ಪಟ್ಟು. "ಅವರು ಪೂರ್ತಿ ಬ್ಯುಸಿ" ಅನ್ನುವುದನ್ನು ಹೆಮ್ಮೆಯಿಂದ ಹೇಳುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಪಟ್ಟಿಗೆ ಸೇರಿಸುವಾಗ ಏನೇನು ಬರೆಯಬೇಕು?

ಸಮಸ್ಯೆ ಬರೆಯಿರಿ, ಪರಿಹಾರ ಬರೆಯಬೇಡಿ. "ಹೊಸ ಸಾಫ್ಟ್‌ವೇರ್ ಬೇಕು" ಅನ್ನುವುದು ಸಮಸ್ಯೆಯಲ್ಲ. "ಒಂದು ಅರ್ಜಿಯ ಮಾಹಿತಿಯನ್ನು ಮೂರು ಕಡೆ ಕೈಯಿಂದ ತುಂಬುತ್ತೇವೆ, ವಾರಕ್ಕೆ ಹತ್ತು ಹದಿನೈದು ಸಲ ಹೊಂದಾಣಿಕೆ ಆಗುವುದಿಲ್ಲ" ಅನ್ನುವುದು ಸಮಸ್ಯೆ. ಎರಡನೆಯದನ್ನು ಓದಿದ ಕೂಡಲೇ ಮೂರು ಕಡೆ ಯಾಕೆ ತುಂಬಬೇಕು ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಸಾಫ್ಟ್‌ವೇರೇ ಬೇಡವಾಗಲೂಬಹುದು.

ಯಾರಿಗೆ ತೊಂದರೆ, ಎಷ್ಟು ಸಲ ಆಗುತ್ತದೆ, ಯಾವಾಗಿನಿಂದ, ಸುಮ್ಮನೆ ಬಿಟ್ಟರೆ ಏನಾಗುತ್ತದೆ. ನಾಲ್ಕಕ್ಕೂ ಒಂದೊಂದು ಸಾಲು ಬರೆಯಲು ಆಗದಿದ್ದರೆ ಆ ವಿಷಯ ಇನ್ನೂ ಆಯ್ಕೆಗೆ ಸಿದ್ಧವಾಗಿಲ್ಲ. ಕೆಲಸ ನಡೆಯುವಲ್ಲಿಗೆ ಹೋಗಿ ಒಂದು ದಿನ ನಿಂತು ನೋಡಿ ಬನ್ನಿ, ಆಮೇಲೆ ಬರೆಯಿರಿ. ಟೊಯೋಟಾದಲ್ಲಿ ಇಡೀ ಸಮಸ್ಯೆ, ಕಾರಣ, ಯೋಜನೆಯನ್ನು ಒಂದೇ ಎ3 ಹಾಳೆಯಲ್ಲಿ, ಅಂದರೆ 297×420 ಮಿಲಿಮೀಟರಿನೊಳಗೆ ಬರೆಯುವ ರೂಢಿ ಬೆಳೆದದ್ದು ಇದೇ ಶಿಸ್ತಿಗಾಗಿ.

ಪರಿಣಾಮ ಎಷ್ಟು, ಶ್ರಮ ಎಷ್ಟು ಎಂದು ನಾಲ್ಕು ಮನೆಯ ಚೌಕದಲ್ಲಿ ಹಾಕುತ್ತೇವೆ. ಅಷ್ಟು ಸಾಕಲ್ಲವೇ?

ಮೊದಲ ಒಂದು ಗಂಟೆಗೆ ಸಾಕು. ಐವತ್ತು ವಿಷಯಗಳನ್ನು ಹದಿನೈದಕ್ಕೆ ಇಳಿಸಲು ಅದಕ್ಕಿಂತ ಬೇಗನೆ ಆಗುವ ದಾರಿ ನಾನು ಕಂಡಿಲ್ಲ. ತೊಡಕು ಶುರುವಾಗುವುದು ಆಮೇಲೆ. ತಮ್ಮ ಯೋಜನೆಯನ್ನು ಎಲ್ಲರೂ "ಹೆಚ್ಚು ಪರಿಣಾಮ, ಕಡಿಮೆ ಶ್ರಮ" ಮನೆಯಲ್ಲೇ ಇಡುತ್ತಾರೆ. ಇನ್ನೊಂದು ಅಪಾಯವೂ ಇದೆ. ಸುಲಭದ್ದನ್ನೇ ಆರಿಸುತ್ತಾ ಆರಿಸುತ್ತಾ ಎರಡು ವರ್ಷ ಕಳೆಯುತ್ತದೆ, ಎಲ್ಲರನ್ನೂ ನಿಜಕ್ಕೂ ಕಾಡುವ ದೊಡ್ಡ ಸಮಸ್ಯೆ "ಹೆಚ್ಚು ಶ್ರಮ" ಎಂಬ ಹಣೆಪಟ್ಟಿ ಹೊತ್ತು ಮೂಲೆಯಲ್ಲೇ ಕೂತಿರುತ್ತದೆ. ಆ ಮೂಲೆಯಿಂದ ವರ್ಷಕ್ಕೆ ಒಂದನ್ನಾದರೂ ಹೊರಗೆ ತರಲೇಬೇಕು. ಪೂರ್ತಿ ಅಲ್ಲದಿದ್ದರೆ ಅದರ ಮೊದಲ ತುಂಡನ್ನು.

ಅಂಕ ಕೊಡುವ ಪದ್ಧತಿಗಳನ್ನು ನಂಬಬಹುದೇ?

ಮಾತುಕತೆ ಶುರು ಮಾಡಲು ನಂಬಿ, ತೀರ್ಪು ಕೊಡಲು ನಂಬಬೇಡಿ. ಇದನ್ನು ಉದಾಹರಣೆಯ ಮೂಲಕವೇ ಹೇಳಬೇಕು.

ಇಂಟರ್‌ಕಾಮ್ ಎಂಬ ಸಾಫ್ಟ್‌ವೇರ್ ಕಂಪನಿಯಿಂದ ಬಂದ "ರೈಸ್" ಪದ್ಧತಿಯನ್ನು ಬಹಳ ಜನ ಬಳಸುತ್ತಾರೆ. ಎಷ್ಟು ಜನಕ್ಕೆ ತಲುಪುತ್ತದೆ, ಪರಿಣಾಮ ಎಷ್ಟು, ನಮ್ಮ ಅಂದಾಜಿನ ಮೇಲೆ ನಮಗೆಷ್ಟು ಭರವಸೆ, ಈ ಮೂರನ್ನು ಗುಣಿಸಿ ಶ್ರಮದಿಂದ ಭಾಗಿಸುವುದು. ಮೊದಲ ಯೋಜನೆ 200 ಜನಕ್ಕೆ ತಲುಪುತ್ತದೆ, ಪರಿಣಾಮ 2, ಭರವಸೆ 50%, ಶ್ರಮ 4 ತಿಂಗಳು ಅಂದುಕೊಳ್ಳಿ. ಅಂಕ 50. ಎರಡನೆಯದು 150 ಜನ, ಪರಿಣಾಮ 1, ಭರವಸೆ 80%, ಶ್ರಮ 2 ತಿಂಗಳು. ಅಂಕ 60. ಎರಡನೆಯದು ಗೆದ್ದಿತು. ಆದರೆ ಮೊದಲನೆಯದರ ಭರವಸೆ 80% ಆಗಿದ್ದರೆ ಅದರ ಅಂಕ 80, ಆಟವೇ ತಿರುಗಿತು. ಹೀಗಾದಾಗ ಮಾಡಬೇಕಾದ ಮೊದಲ ಕೆಲಸ ಮೊದಲನೆಯದೂ ಅಲ್ಲ, ಎರಡನೆಯದೂ ಅಲ್ಲ. ಒಂದು ವಾರದ ಸಣ್ಣ ಪ್ರಯೋಗ ನಡೆಸಿ ಆ ಭರವಸೆಯನ್ನು ಮೇಲೆಯೋ ಕೆಳಗೋ ಕೊಂಡೊಯ್ಯುವುದು. ಈ ಪದ್ಧತಿಯಿಂದ ನಾನು ಕಲಿತ ಅತ್ಯಂತ ಉಪಯುಕ್ತ ಪಾಠ ಇದು: ಯಾವ ಅಂದಾಜು ಬದಲಾದರೆ ಕ್ರಮ ಬದಲಾಗುತ್ತದೋ ಅದನ್ನು ಮೊದಲು ಪರೀಕ್ಷಿಸಿ.

ಗುಣಿಸುವ ಪದ್ಧತಿಗಳ ದೊಡ್ಡ ದೋಷ, ಏನೇನು ಕೆಡಬಹುದು ಎಂದು ಮೊದಲೇ ಅಂದಾಜು ಮಾಡುವ ಎಫ್‌ಎಂಇಎ ಎಂಬ ಪದ್ಧತಿಯ ಲೆಕ್ಕದಲ್ಲಿ ಕಾಣುತ್ತದೆ. ಅಲ್ಲಿ ಒಂದು ದೋಷದ ತೀವ್ರತೆ, ಅದು ಸಂಭವಿಸುವ ಪ್ರಮಾಣ, ಮೊದಲೇ ಕಣ್ಣಿಗೆ ಬೀಳದಿರುವ ಸಾಧ್ಯತೆ, ಮೂರಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಗುಣಿಸುತ್ತಾರೆ. ಜೀವಕ್ಕೇ ಅಪಾಯವಿರುವ ಒಂದು ದೋಷಕ್ಕೆ 10×2×2 = 40. ಸಾಧಾರಣ ಕಿರಿಕಿರಿಯ ಇನ್ನೊಂದಕ್ಕೆ 4×4×4 = 64. ಲೆಕ್ಕವನ್ನೇ ನಂಬಿ ಕೂತರೆ ಕಿರಿಕಿರಿಯನ್ನು ಮೊದಲು ಸರಿಮಾಡುತ್ತೇವೆ. ವಾಹನ ಉದ್ಯಮದ ಎಐಎಜಿ ಮತ್ತು ವಿಡಿಎ ಸಂಸ್ಥೆಗಳು 2019ರ ಜಂಟಿ ಕೈಪಿಡಿಯಲ್ಲಿ ಈ ಗುಣಲಬ್ಧವನ್ನು ಕೈಬಿಟ್ಟು, ತೀವ್ರತೆಗೆ ಹೆಚ್ಚು ತೂಕ ಕೊಡುವ "ಹೆಚ್ಚು, ಮಧ್ಯಮ, ಕಡಿಮೆ" ಎಂಬ ಕೋಷ್ಟಕ ತಂದವು. ತೀವ್ರತೆಯ 8 ಅಂಕ ಅಂದರೆ 4ರ ಎರಡರಷ್ಟು ಕೆಟ್ಟದ್ದು ಎಂದಲ್ಲ. ಅವು ಮೆಟ್ಟಿಲ ಸಂಖ್ಯೆಗಳು, ಅಳತೆಗಳಲ್ಲ.

ಆದ್ದರಿಂದ 61 ಅಂಕದ ಯೋಜನೆ 58 ಅಂಕದ್ದಕ್ಕಿಂತ ಮೇಲು ಎಂದು ವಾದಿಸುತ್ತಾ ಕೂರಬೇಡಿ. ಮೇಲಿನ ಗುಂಪು, ನಡುವಿನ ಗುಂಪು, ಕೆಳಗಿನ ಗುಂಪು ಎಂದು ಮಾತ್ರ ಓದಿಕೊಳ್ಳಿ.

ಮೇಲಿನ ಗುಂಪಿನಲ್ಲೇ ಯಾವುದು ಮೊದಲು ಎಂದು ಹೇಗೆ ತೀರ್ಮಾನಿಸುವುದು?

ತಡವಾದರೆ ವಾರಕ್ಕೆ ಎಷ್ಟು ನಷ್ಟ ಎಂದು ಕೇಳಿ. ಉತ್ಪನ್ನ ಅಭಿವೃದ್ಧಿಯ ಬಗ್ಗೆ ಬರೆದ ಡೊನಾಲ್ಡ್ ರೈನರ್ಟ್‌ಸನ್ ಬಹಳ ಒತ್ತುಕೊಟ್ಟು ಹೇಳುತ್ತಾ ಬಂದ ವಿಚಾರ ಇದು, ನನಗೂ ಇದೇ ಎಲ್ಲಕ್ಕಿಂತ ಪ್ರಾಮಾಣಿಕ ಪ್ರಶ್ನೆ ಅನ್ನಿಸುತ್ತದೆ.

ಒಂದು ಯೋಜನೆ 2 ವಾರದ್ದು, ಮುಗಿದರೆ ವಾರಕ್ಕೆ 10 ಗಂಟೆ ಉಳಿಯುತ್ತದೆ. ಇನ್ನೊಂದು 8 ವಾರದ್ದು, ಮುಗಿದರೆ ವಾರಕ್ಕೆ 20 ಗಂಟೆ ಉಳಿಯುತ್ತದೆ. ದೊಡ್ಡದು ಮೊದಲು ಅನ್ನಿಸುತ್ತದಲ್ಲವೇ? ದೊಡ್ಡದನ್ನು ಮೊದಲು ಮಾಡಿದರೆ ಅದಕ್ಕಾಗಿ 8 ವಾರ ಕಾದು 160 ಗಂಟೆ, ಸಣ್ಣದಕ್ಕಾಗಿ 10 ವಾರ ಕಾದು 100 ಗಂಟೆ, ಒಟ್ಟು 260 ಗಂಟೆ ಕಳೆದುಕೊಳ್ಳುತ್ತೇವೆ. ಸಣ್ಣದನ್ನು ಮೊದಲು ಮಾಡಿದರೆ 20 ಮತ್ತು 200, ಒಟ್ಟು 220. ವಾರದ ನಷ್ಟವನ್ನು ಯೋಜನೆಯ ಅವಧಿಯಿಂದ ಭಾಗಿಸಿ, ಹೆಚ್ಚು ಬಂದದ್ದನ್ನು ಮೊದಲು ಮಾಡಿ: ಇಲ್ಲಿ 5 ಮತ್ತು 2.5.

ಎಲ್ಲ ನಷ್ಟವೂ ವಾರ ವಾರ ಒಂದೇ ಸಮ ಸೋರುವುದಿಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. ಕೆಲವು ಒಂದು ತಾರೀಕಿನವರೆಗೆ ಸೊನ್ನೆ, ಆ ದಿನ ದಾಟಿದ ಕೂಡಲೇ ಪೂರ್ತಿ. ಅಂಥವನ್ನು ಈ ಭಾಗಾಕಾರಕ್ಕೆ ಹಾಕಬಾರದು. ತಾರೀಕಿನಿಂದ ಹಿಂದಕ್ಕೆ ಎಣಿಸಿ ಶುರು ಮಾಡುವ ದಿನವನ್ನು ಗುರುತು ಹಾಕಿಕೊಳ್ಳಬೇಕು.

80–20 ನಿಯಮ ಇಲ್ಲಿ ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಸರಿಯಾದದ್ದನ್ನು ಎಣಿಸಿದರೆ. ಸುಮಾರು 80% ತೊಂದರೆ ಸುಮಾರು 20% ಕಾರಣಗಳಿಂದಲೇ ಬರುತ್ತದೆ ಅನ್ನುವುದು ಆ ನಿಯಮ. ಭೂಮಿ ಮತ್ತು ಸಂಪತ್ತಿನ ಹಂಚಿಕೆಯ ಬಗ್ಗೆ ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪ್ಯಾರೆಟೋ ಕಂಡದ್ದನ್ನು ಗುಣಮಟ್ಟದ ಕೆಲಸಕ್ಕೆ ತಂದು, ಅವರ ಹೆಸರಿಟ್ಟವರು ಜೋಸೆಫ್ ಜುರಾನ್. ಎಡವುವುದು ಎಣಿಕೆಯಲ್ಲಿ. ನೂರು ದೂರುಗಳಲ್ಲಿ 60 ಬಿಲ್ಲಿನ ಅಕ್ಷರದೋಷ, ಒಂದೊಂದನ್ನು ತಿದ್ದಲು 5 ನಿಮಿಷ: ಒಟ್ಟು 5 ಗಂಟೆ. 8 ದೂರು ತಪ್ಪು ಸಾಮಾನು ಕಳಿಸಿದ್ದು, ಒಂದೊಂದಕ್ಕೆ 3 ಗಂಟೆ: ಒಟ್ಟು 24 ಗಂಟೆ. ದೂರಿನ ಸಂಖ್ಯೆಯ ಮೇಲೆ ಚಾರ್ಟ್ ಬರೆದರೆ ಅಕ್ಷರದೋಷ ಮೊದಲು, ಕಳೆದ ಗಂಟೆಗಳ ಮೇಲೆ ಬರೆದರೆ ತಪ್ಪು ಸಾಮಾನು ಮೊದಲು. ಎರಡೂ ಚಾರ್ಟ್ ಬರೆದು ಪಕ್ಕಪಕ್ಕ ಇಟ್ಟು ನೋಡಿ.

ಒಂದು ವಿಭಾಗದಲ್ಲಿ ಒಳ್ಳೆಯ ಸುಧಾರಣೆ ಮಾಡಿದೆವು. ಒಟ್ಟು ಫಲಿತಾಂಶ ಮಾತ್ರ ಅಲ್ಲಾಡಲೇ ಇಲ್ಲ. ಯಾಕೆ?

ಬಹುಶಃ ಬಾಟಲ್‌ನೆಕ್, ಅಂದರೆ ಇಡೀ ಕೆಲಸದ ವೇಗವನ್ನು ತಡೆದು ಹಿಡಿಯುವ ಇಕ್ಕಟ್ಟಿನ ಜಾಗ, ಬೇರೆ ಕಡೆ ಇದೆ. ಒಂದು ಅರ್ಜಿ ಮೂರು ಮೇಜು ದಾಟಬೇಕು. ನೋಂದಣಿಯಲ್ಲಿ ದಿನಕ್ಕೆ 60, ಪರಿಶೀಲನೆಯಲ್ಲಿ 25, ಅನುಮೋದನೆಯಲ್ಲಿ 40 ಆಗುತ್ತವೆ. ನೋಂದಣಿಯನ್ನು 90ಕ್ಕೆ ಏರಿಸಿದಿರಿ, ಎಲ್ಲರೂ ಚಪ್ಪಾಳೆ ತಟ್ಟಿದರು. ದಿನದ ಕೊನೆಗೆ ಹೊರಬೀಳುವುದು ಆಗಲೂ 25. ಪರಿಶೀಲನೆಯ ಮೇಜಿನ ಮೇಲೆ ರಾಶಿ ಮಾತ್ರ ಇನ್ನಷ್ಟು ಬೇಗ ಬೆಳೆಯಿತು. ಅದೇ ಪರಿಶೀಲನೆಯನ್ನು 35 ಮಾಡಿದ್ದರೆ ದಿನಕ್ಕೆ 10 ಹೆಚ್ಚು ಜನರ ಕೆಲಸ ಮುಗಿಯುತ್ತಿತ್ತು. ಹುತ್ತವ ಬಡಿದರೆ ಹಾವು ಸಾಯುವುದಿಲ್ಲ.

ಬಾಟಲ್‌ನೆಕ್ ಹುಡುಕಲು ದೊಡ್ಡ ಅಧ್ಯಯನ ಬೇಕಿಲ್ಲ. ರಾಶಿ ಎಲ್ಲಿ ಬೀಳುತ್ತದೆ ನೋಡಿ. "ಅದು ಅವರ ಹತ್ತಿರ ಇದೆ" ಎಂದು ಎಲ್ಲರೂ ಯಾರ ಕಡೆ ಕೈ ತೋರಿಸುತ್ತಾರೆ ಕೇಳಿ. ಹಾಗೆಂದು ಆ ಮೇಜಿನಲ್ಲಿ ಕೂತವರನ್ನು ದೂರಬೇಡಿ, ಎಲ್ಲರಿಗಿಂತ ಹೆಚ್ಚು ದಣಿದವರು ಅವರೇ ಆಗಿರುತ್ತಾರೆ. ಬಾಟಲ್‌ನೆಕ್‌ಗಳ ಬಗ್ಗೆಯೇ ಸಿದ್ಧಾಂತ ಕಟ್ಟಿದ ಎಲಿಯಾಹು ಗೋಲ್ಡ್‌ರಾಟ್ ಹಾಕಿಕೊಟ್ಟ ಕ್ರಮ ನನಗೆ ಇಷ್ಟ. ಹೊಸ ಜನ, ಹೊಸ ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಈಗಿರುವುದು ಪೂರ್ತಿ ಉಪಯೋಗವಾಗುವಂತೆ ಮಾಡಿ. ಪರಿಶೀಲನೆ ಮಾಡುವವರು ಫೋನ್ ಎತ್ತುವುದನ್ನು, ಅರೆಬರೆ ತುಂಬಿದ ಅರ್ಜಿ ವಾಪಸ್ ಕಳಿಸುವುದನ್ನು ಬೇರೆಯವರು ವಹಿಸಿಕೊಂಡರೆ ಸಾಕಾಗಬಹುದು. ಆ ಜಾಗ ದಿನಕ್ಕೆ 40 ದಾಟುವಷ್ಟು ಸಡಿಲವಾದ ಮೇಲೆ ಬಾಟಲ್‌ನೆಕ್ ಅನುಮೋದನೆಗೆ ಹೋಗುತ್ತದೆ, ಆಗ ಪಟ್ಟಿಯ ಕ್ರಮವೂ ಬದಲಾಗಬೇಕು.

ಸುರಕ್ಷತೆ ಮತ್ತು ಕಾನೂನಿನ ಕೆಲಸಗಳನ್ನೂ ಇದೇ ಪಟ್ಟಿಯಲ್ಲಿ ಹಾಕಬೇಕೇ?

ಬೇಡ. ಒಬ್ಬರ ಕೈ ಯಂತ್ರಕ್ಕೆ ಸಿಕ್ಕುವ ಅಪಾಯವನ್ನು ವಾರಕ್ಕೆ ಉಳಿಯುವ ಗಂಟೆಗಳ ಜೊತೆ ತೂಗುವುದೇ ತಪ್ಪು. ಅವುಗಳಿಗೆ ಬೇರೆ ಸಾಲು, ಬೇರೆ ಸಮಯ, ಬೇರೆ ಹಣ ಇಡಿ. ಅವು ಸ್ಪರ್ಧಿಸುವುದಿಲ್ಲ, ಆಗಬೇಕು ಅಷ್ಟೇ. ಹಾಗೆಂದು ಯಾರೋ ತಮ್ಮ ಇಷ್ಟದ ಯೋಜನೆಗೆ "ಸುರಕ್ಷತೆ" ಎಂಬ ಮೊಹರು ಒತ್ತಿ ಆ ಸಾಲಿಗೆ ನುಸುಳಿಸದಂತೆ, ಯಾವ ಅಪಾಯ, ಯಾರಿಗೆ ಎಂದು ಬರೆಸಿಕೊಳ್ಳಿ.

ಎಷ್ಟು ಲೆಕ್ಕ ಹಾಕಿದರೂ ಕೊನೆಗೆ ಮೇಲಧಿಕಾರಿ ಹೇಳಿದ್ದೇ ಮೊದಲಾಗುತ್ತದೆ. ಏನು ಮಾಡುವುದು?

"ಆಗುವುದಿಲ್ಲ" ಅನ್ನಬೇಡಿ, "ಆಗಲಿ" ಎಂದು ಸುಮ್ಮನಾಗಲೂ ಬೇಡಿ. ನಡೆಯುತ್ತಿರುವ ಯೋಜನೆಗಳ ಒಂದು ಪುಟದ ಪಟ್ಟಿಯನ್ನು ಮುಂದಿಟ್ಟು ಕೇಳಿ: "ಸರ್, ಇದನ್ನು ಸೋಮವಾರವೇ ಶುರು ಮಾಡ್ತೀವಿ. ಈಗ ನಡೀತಿರೋ ಈ ಮೂರರಲ್ಲಿ ಯಾವುದನ್ನ ನಿಲ್ಲಿಸಲಿ, ನೀವೇ ಹೇಳಿ." ಮೇಲಧಿಕಾರಿಗಳು ಹಟಕ್ಕಾಗಿ ಹೊಸದನ್ನು ಹೇರುತ್ತಾರೆ ಎಂದು ನಾನು ನಂಬುವುದಿಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಕೆಲವು ಸಲ ಅವರ ಮಾತೇ ಸರಿ ಇರುತ್ತದೆ, ನಮಗೆ ಕಾಣದ ಯಾವುದೋ ತಾರೀಕು, ಯಾವುದೋ ಗಿರಾಕಿಯ ಮಾತು ಅವರಿಗೆ ಗೊತ್ತಿರುತ್ತದೆ. ಕಾರಣ ಕೇಳಿ, ಪಟ್ಟಿಯಲ್ಲಿ ಬರೆದುಕೊಳ್ಳಿ.

ಇಬ್ಬರು ಮೇಲಧಿಕಾರಿಗಳು ಎರಡು ಕಡೆ ಎಳೆದಾಗ, ಎತ್ತು ಏರಿಗೆ ಕೋಣ ನೀರಿಗೆ ಅನ್ನುವ ಸ್ಥಿತಿಯಲ್ಲಿ, ನಡುವೆ ಸಿಕ್ಕಿಕೊಂಡ ಟೀಮ್ ತಾನೇ ತೀರ್ಪು ಕೊಡಲು ಹೋಗಬಾರದು. ಇಬ್ಬರನ್ನೂ ಒಂದೇ ಪಟ್ಟಿಯ ಮುಂದೆ ಕೂರಿಸುವುದು ಟೀಮಿನ ಕೆಲಸ, ಆರಿಸುವುದು ಅವರ ಕೆಲಸ.

ನಮ್ಮ ಅಂದಾಜುಗಳು ಯಾವಾಗಲೂ ತಪ್ಪುತ್ತವೆ. ಇನ್ನು ಆದ್ಯತೆ ಎಲ್ಲಿಂದ ಸರಿಯಾದೀತು?

ಎಲ್ಲರದ್ದೂ ತಪ್ಪುತ್ತದೆ, ಅದೂ ಸಾಮಾನ್ಯವಾಗಿ ಒಂದೇ ದಿಕ್ಕಿಗೆ. ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಈ ದೌರ್ಬಲ್ಯವನ್ನು ಗುರುತಿಸಿ "ಪ್ಲಾನಿಂಗ್ ಫ್ಯಾಲಸಿ" (ಯೋಜನೆಯ ಭ್ರಮೆ) ಎಂದು ಹೆಸರಿಟ್ಟರು: ಯೋಜನೆ ಹಾಕುವಾಗ ನಾವು ಎಲ್ಲ ಸರಿಯಾಗಿ ನಡೆಯುವ ಚಿತ್ರವನ್ನೇ ಕಣ್ಣಮುಂದೆ ತಂದುಕೊಳ್ಳುತ್ತೇವೆ. ಮದ್ದು ಸರಳವಾಗಿದೆ. ಹಿಂದೆ ಮಾಡಿದ ಇಂಥದ್ದೇ ಐದಾರು ಯೋಜನೆಗಳು ನಿಜವಾಗಿ ಎಷ್ಟು ವಾರ ಹಿಡಿದವು ಎಂದು ತೆಗೆದು ನೋಡಿ, ಅಲ್ಲಿಂದ ಅಂದಾಜು ಶುರು ಮಾಡಿ. ಎಲ್ಲ ಅಂದಾಜುಗಳೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಕ್ರಮ ಕೆಡುವುದಿಲ್ಲ, ಇದು ಸಮಾಧಾನದ ಮಾತು. ಕೆಡುವುದು ಬೇರೆ ವಿಭಾಗದ ಒಪ್ಪಿಗೆ, ಹೊರಗಿನವರ ನೆರವು ಬೇಕಾದ ಯೋಜನೆಗಳಲ್ಲಿ. ಅವುಗಳ ಅಂದಾಜನ್ನು ಕೈಬಿಚ್ಚಿ ಹಿಗ್ಗಿಸಿ.

ಅರ್ಧಕ್ಕೆ ಬಂದ ಯೋಜನೆಯನ್ನು ನಿಲ್ಲಿಸಬಹುದೇ?

ನಿಲ್ಲಿಸಬಹುದು. ಇಷ್ಟು ದಿನ ಹಾಕಿದ ಶ್ರಮ ಹೇಗೂ ವಾಪಸ್ ಬರುವುದಿಲ್ಲ, ಅದನ್ನು ತಕ್ಕಡಿಗೆ ಹಾಕಬೇಡಿ. ಉಳಿದ ಕೆಲಸ ಎಷ್ಟು, ಮುಗಿದರೆ ಸಿಗುವುದೆಷ್ಟು, ಇವೆರಡನ್ನೇ ತೂಗಿ. ಮುಕ್ಕಾಲು ಮುಗಿದ ಯೋಜನೆಗಳು ಈ ತಕ್ಕಡಿಯಲ್ಲೂ ಸಾಮಾನ್ಯವಾಗಿ ಗೆಲ್ಲುತ್ತವೆ, ಉಳಿದ ಕೆಲಸ ಕಡಿಮೆ ಇರುವುದರಿಂದ. ನಿಲ್ಲಿಸಿದಾಗ ಅದರಲ್ಲಿ ದುಡಿದವರಿಗೆ ಕಾರಣವನ್ನು ನೇರವಾಗಿ, ಎದುರಿಗೆ ಕೂತು ಹೇಳಿ. ಒಂದು ಕಡೆ ನಾನು ನಾಲ್ಕು ತಿಂಗಳು ದುಡಿದ ಯೋಜನೆ ನಿಂತಿದೆ ಎಂಬುದು ನನಗೆ ಗೊತ್ತಾದದ್ದು ಬೇರೊಬ್ಬರ ಮೀಟಿಂಗ್ ಟಿಪ್ಪಣಿಯಿಂದ. ಯೋಜನೆ ನಿಂತದ್ದಕ್ಕೆ ಬೇಸರವಾಗಲಿಲ್ಲ, ಯಾರೂ ಹೇಳದೆ ಹೋದದ್ದಕ್ಕೆ ಆಯಿತು. ಮುಂದಿನ ಯೋಜನೆಗೆ ಕರೆದಾಗ ಮನಸ್ಸಿಟ್ಟು ಹೋಗಲು ನನಗೆ ಬಹಳ ದಿನ ಹಿಡಿಯಿತು.

ಕೆಲಸ ಮಾಡುವ ಜನರನ್ನೂ ಆಯ್ಕೆಯಲ್ಲಿ ಸೇರಿಸಿಕೊಳ್ಳಬೇಕೇ?

ಅವರಿಲ್ಲದೆ ಮಾಡಿದ ಪಟ್ಟಿಗೆ ಬೆಲೆಯೇ ಇಲ್ಲ. ಸೇರಿಸುವ ರೀತಿ ಮಾತ್ರ ಮುಖ್ಯ. ಮೊದಲು ಪ್ರತಿಯೊಬ್ಬರೂ ಮಾತಾಡದೆ ತಮ್ಮ ಅಂಕ ಬರೆಯಲಿ. ಆಮೇಲೆ ಎಲ್ಲವನ್ನೂ ತೆರೆದಿಟ್ಟು, ಅಂಕಗಳ ಅಂತರ ಎಲ್ಲಿ ಅತಿ ಹೆಚ್ಚೋ ಅದನ್ನೇ ಚರ್ಚಿಸಿ. ಮ್ಯಾನೇಜರ್ 2 ಕೊಟ್ಟದ್ದಕ್ಕೆ ಕೌಂಟರಿನಲ್ಲಿ ಕೂರುವವರು 9 ಕೊಟ್ಟಿದ್ದರೆ, ಅವರಿಗೆ ಗೊತ್ತಿರುವ ಏನೋ ಒಂದು ಮ್ಯಾನೇಜರ್‌ಗೆ ಗೊತ್ತಿಲ್ಲ. ಹಿರಿಯರು ಮೊದಲು ಮಾತಾಡಿದರೆ ಆ 9 ಯಾವತ್ತೂ ಹೊರಗೆ ಬರುವುದಿಲ್ಲ.

ಸಲಹೆ ಕೊಟ್ಟ ಪ್ರತಿಯೊಬ್ಬರಿಗೂ ಉತ್ತರ ಹೋಗಬೇಕು. "ಈಗ ಅಲ್ಲ, ಈ ಕಾರಣಕ್ಕೆ" ಅನ್ನುವ ಎರಡು ಸಾಲಾದರೂ ಸಾಕು.

ಪಟ್ಟಿಯನ್ನು ಎಷ್ಟು ದಿನಕ್ಕೊಮ್ಮೆ ಮತ್ತೆ ನೋಡಬೇಕು?

ನಡೆಯುತ್ತಿರುವವನ್ನು ವಾರಕ್ಕೊಮ್ಮೆ, ಹದಿನೈದು ನಿಮಿಷ. ಕಾಯುತ್ತಿರುವವನ್ನು ಮೂರು ತಿಂಗಳಿಗೊಮ್ಮೆ, ಅಥವಾ ಒಂದು ಯೋಜನೆ ಮುಗಿದು ಜಾಗ ಖಾಲಿಯಾದಾಗ. ಒಂದು ವರ್ಷದಿಂದ ಯಾರೂ ಮುಟ್ಟದ್ದನ್ನು ಅಳಿಸಿ. ನಿಜವಾದ ಸಮಸ್ಯೆಯಾಗಿದ್ದರೆ ಅದು ಮತ್ತೆ ಬಂದೇ ಬರುತ್ತದೆ.

ನಮ್ಮ ಆಯ್ಕೆ ಸರಿಯಿತ್ತೇ ಎಂದು ಆಮೇಲೆ ತಿಳಿಯುವುದು ಹೇಗೆ?

ಶುರು ಮಾಡುವ ಮೊದಲೇ ಅಳತೆ ಹಿಡಿದಿರಬೇಕು, ಮುಗಿದ ಮೇಲೆ ಹಿಂದಿನದನ್ನು ಅಳೆಯಲಾಗದು. ಇಲ್ಲೊಂದು ಮೋಸದ ಗುಂಡಿಯಿದೆ. ನಾವು ಸಾಮಾನ್ಯವಾಗಿ ಸುಧಾರಣೆಗೆ ಇಳಿಯುವುದು ತೀರ ಕೆಟ್ಟ ತಿಂಗಳೊಂದನ್ನು ಕಂಡ ಮೇಲೆ. ತೀರ ಕೆಟ್ಟ ತಿಂಗಳಿನ ನಂತರದ ತಿಂಗಳು ಏನೂ ಮಾಡದಿದ್ದರೂ ಬಹುಮಟ್ಟಿಗೆ ಸ್ವಲ್ಪ ಚೆನ್ನಾಗಿಯೇ ಇರುತ್ತದೆ, ಅಂಕಿಗಳು ಸರಾಸರಿಯ ಕಡೆ ಮರಳುತ್ತವೆ. ಅದನ್ನೇ ಯಶಸ್ಸು ಎಂದುಕೊಂಡರೆ ಮುಂದಿನ ಸಲವೂ ಇದೇ ಬಗೆಯ ಯೋಜನೆಗೆ ಮೊದಲ ಸ್ಥಾನ ಕೊಡುತ್ತೇವೆ. ಹಿಂದಿನ ಹನ್ನೆರಡು ತಿಂಗಳ ಅಂಕಿಗಳನ್ನಾದರೂ ಗೆರೆಯಾಗಿ ಎಳೆದು, ಅದರ ಸಹಜ ಏರಿಳಿತ ಎಷ್ಟು ಎಂದು ನೋಡಿ. ಗುಣಮಟ್ಟದ ತಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ ನಿಯಂತ್ರಣ ಚಾರ್ಟನ್ನು ರೂಪಿಸಿದ್ದೇ ಸಹಜ ಏರಿಳಿತವನ್ನೂ ನಿಜವಾದ ಬದಲಾವಣೆಯನ್ನೂ ಬೇರೆ ಮಾಡಲು.

ನಾವು ನಾಲ್ಕೇ ಜನ. ಇಷ್ಟೆಲ್ಲ ಬೇಕೇ?

ಬೇಡ. ಒಂದು ಹಾಳೆಯಲ್ಲಿ ಸಮಸ್ಯೆಗಳನ್ನು ಬರೆಯಿರಿ. ಒಂದೊಂದರ ಮುಂದೆಯೂ "ಇನ್ನೊಂದು ತಿಂಗಳು ಬಿಟ್ಟರೆ ಏನಾಗುತ್ತದೆ" ಎಂದು ಒಂದು ಸಾಲು ಬರೆಯಿರಿ. ನಾಲ್ವರೂ ಕೂತು ಓದಿ, ಒಂದನ್ನು ಆರಿಸಿ, ಅದು ಮುಗಿಯುವವರೆಗೆ ಹಾಳೆಯನ್ನು ಮಡಚಿಡಿ.